ಗುರೆಳ್ಳು ನೆಲ ಕೆರೆದದ್ದು

"ಇನ್ನೇನು ಕೊಡಲ್ರಿ, ಅಜ್ಜಾರ?" ಎಂದು ಗುರುಪಾದ ಕೇಳಿದ.

ಕೇಳಿದ್ದು ಮಠದ ಪಡಸಾಲೆಯಲ್ಲಿ, ಮುಂಜಾನೆಯ ಪೂಜೆ ಮುಗಿದ ಮೇಲೆ. ಅಜ್ಜಾರು ಎಂದರೆ ಆ ಮಠದ ಸ್ವಾಮಿಗಳು. ಗುರುಪಾದ ಅವರ ಶಿಷ್ಯ. ಓದಿದವನು, ಶಿಸ್ತಿನವನು, ಒಂದು ಕೆಲಸ ಹೇಳಿದರೆ ಎರಡು ಪಾಲು ಮಾಡುವವನು. ಮೂರು ತಿಂಗಳ ಹಿಂದೆ ಅಜ್ಜಾರು ಅವನಿಗೆ ಭೀಮಶಿಯನ್ನು ಒಪ್ಪಿಸಿದ್ದರು. ಭೀಮಶಿ ನಲವತ್ತೈದು ದಾಟಿದ ಲಾರಿ ಡ್ರೈವರ. ಕುಡಿತ ಬಿಟ್ಟಿದ್ದೇನೆ, ಕೈ ನಡುಗುವುದು ನಿಲ್ಲುವ ತನಕ ಇಲ್ಲಿರುತ್ತೇನೆ ಎಂದು ಒಂದು ಚೀಲ ಹಿಡಿದು ಬಂದಿದ್ದ.

"ಮುಂಜಾನೆ ನಾಲ್ಕು ವಚನ ಹೇಳಿಕೊಡ್ತೀನ್ರಿ. ಆಮ್ಯಾಲೆ ಪ್ರಾಣಾಯಾಮ. ಮಧ್ಯಾಹ್ನ ಪುರಾಣ, ಸಂಜೀಕ ಭಜನಿ, ವಾರಕ್ಕೊಂದು ಉಪವಾಸ. ಒಂದು ಹಿಡಿಸಲಿಲ್ಲಂದ್ರ ಮರುದಿನ ಇನ್ನೊಂದು ಹುಡುಕ್ತೀನಿ. ನಿನ್ನೆ ಅಂವ ನಡುವ ಎದ್ದು ಹೋಗಿ ಬಾವಿಕಟ್ಟಿ ಮ್ಯಾಲೆ ಕುಂತ. ನಾ ಬಿಡಲಿಲ್ರಿ, ಪುಸ್ತಕಾ ತಗೊಂಡು ಅಲ್ಲಿಗೇ ಹೋದೆ. ಇವತ್ತು ನೋಡಿದ್ರ ಚೀಲಾ ಕಟ್ಯಾನ. ಹನ್ನೊಂದರ ಬಸ್ಸಿಗೆ ಹೊಂಟಾನಂತ. ಊರಿಗೆ ಹೋದ್ರ ಮತ್ತ ಕುಡೀತಾನ್ರಿ. ಇನ್ನೇನು ಕೊಡಲಿ?"

ಅಜ್ಜಾರು ಕಿಟಕಿಯಿಂದ ನೋಡಿದರು. ಭೀಮಶಿ ಚೀಲವನ್ನು ಕಂಕುಳಲ್ಲಿ ಅವುಚಿ ಬಾವಿಯ ಹತ್ತಿರ ನಿಂತಿದ್ದ.

"ಭೀಮಶೀ," ಎಂದು ಕೂಗಿದರು. "ಬಸ್ಸು ಬರೂ ತನಕಾ ಹಂಗ ನಿಂತು ಏನ್ ಮಾಡ್ತಿ? ಎರಡು ಕೊಡಾ ನೀರು ಸೇದಿ ದನಾ ಕುಡಿಯೂ ದೋಣ್ಯಾಗ ಹಾಕಿ ಹೋಗು."

ಹೊರಗೆ ಬಾವಿಯ ರಾಟೆ ಕಿರ್ರೆಂದಿತು. ಅಜ್ಜಾರು ಕಂಬಕ್ಕೆ ಒರಗಿದರು. ಆ ಮಠದಲ್ಲಿ ಉಪದೇಶ ಕೇಳಲು ಬಂದವರು ಬಡಾಯಿ ಕೇಳಿ ಹೋಗುತ್ತಿದ್ದರು ಎಂಬ ಮಾತು ಸುತ್ತಲ ಹದಿನಾರು ಹಳ್ಳಿಗಳಲ್ಲಿತ್ತು. ಅಜ್ಜಾರೇ ಅದನ್ನು ಇಪ್ಪತ್ತು ಹಳ್ಳಿ ಎನ್ನುತ್ತಿದ್ದರು.

"ಒಂದು ಕತಿ ಹೇಳ್ತೀನಿ," ಎಂದರು. "ಇದು ಗೊತ್ತಿದ್ದವರು ಇನ್ನೂ ನಾಕು ಮಂದಿ ಅದಾರ. ಆದ್ರ ಅವ್ರು ಇದ್ದದ್ದು ಇದ್ಹಂಗ ಹೇಳಿ ಕೆಡಸ್ತಾರ."

ಒಂದೂರಿನಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಇತ್ತು. ನಡೆಸುವವಳು ಸಾವಂತ್ರೆವ್ವ. ಅವಳು ಬಡಿಯುತ್ತಿದ್ದ ಜೋಳದ ರೊಟ್ಟಿ ಎಷ್ಟು ತೆಳು ಎಂದರೆ, ಎತ್ತಿ ಹಿಡಿದರೆ ಎದುರಿಗೆ ಕುಳಿತವನ ಮೀಸೆ ಎಣಿಸಬಹುದಿತ್ತು. ಬದನೆಕಾಯಿ ಎಣ್ಣೆಗಾಯಿಯ ಒಗ್ಗರಣೆ ಬಿದ್ದರೆ ಬಸ್ಸುಗಳು ತಾವಾಗಿಯೇ ನಿಲ್ದಾಣ ಬಿಟ್ಟು ಓಣಿಯ ಕಡೆ ಹೊರಳುತ್ತಿದ್ದವು. ಅದಕ್ಕೆಂದೇ ಸರ್ಕಾರ ಓಣಿಯ ಬಾಯಿಗೆ ಎರಡು ಕಲ್ಲು ನೆಡಿಸಿತ್ತು. ಕಲ್ಲು ಈಗಲೂ ಇವೆ.

ಸಾವಂತ್ರೆವ್ವನಿಗೆ ಒಂದು ಹೆಮ್ಮೆ ಇತ್ತು. "ಮೂವತ್ತೊಂದು ವರ್ಷ ಆತು. ನನ್ನ ತಾಟಿನ್ಯಾಗ ಉಂಡವ್ರ ಹೊಟ್ಟಿ ಒಂದು ದಿನಾನೂ ಕೆಟ್ಟಿಲ್ಲ," ಎಂದು ಹೊಸ ಗಿರಾಕಿಗೆ ನೀರಿನ ಜೊತೆಗೇ ಹೇಳುತ್ತಿದ್ದಳು.

ಖಾನಾವಳಿಗೆ ಎರಡು ನೇಮಗಳಿದ್ದವು. ಒಂದು, ನಿನ್ನೆಯ ಪಲ್ಯವನ್ನು ಇಂದು ಮಾಡಬಾರದು. "ನಿನ್ನೆ ಉಂಡದ್ದನ್ನ ಇವತ್ತೂ ಉಣ್ಣಾಕ ಇದೇನು ಜೇಲೇನು?" ಎನ್ನುವಳು. ಇನ್ನೊಂದು, ಉಣ್ಣುವವನು ಸಾಕು ಎಂದರೆ ನಂಬಬಾರದು. ಮೊದಲನೆಯ ಸಾಕು ಮರ್ಯಾದೆಗೆ, ಎರಡನೆಯದು ನಾಚಿಕೆಗೆ, ಮೂರನೆಯದು ಅಭ್ಯಾಸಬಲಕ್ಕೆ ಎಂಬುದು ಅವಳ ಲೆಕ್ಕ. ಗಿರಾಕಿಗಳು ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಅವಳು ಬೆರಳುಗಳ ಸಂದಿಯಿಂದ ಬಡಿಸುತ್ತಿದ್ದಳು. ಅಂಚೆಯ ಶಿದ್ರಾಮ ಎಂಬ ದಿನದ ಗಿರಾಕಿ ಒಮ್ಮೆ ಎರಡೂ ಕೈ ಅಡ್ಡ ಹಿಡಿದ. ಎಣ್ಣೆಗಾಯಿ ಅವನ ಕೈಗಡಿಯಾರದ ಮೇಲೆ ಬಿತ್ತು. ಅಂದಿನಿಂದ ಆ ಗಡಿಯಾರ ಊಟದ ಹೊತ್ತನ್ನು ಬಿಟ್ಟು ಬೇರೆ ಹೊತ್ತು ತೋರಿಸಲಿಲ್ಲ.

"ಖರೇನ್ರಿ?" ಎಂದ ಗುರುಪಾದ.

"ನಾ ಕಣ್ಣಾರೆ ನೋಡೀನಿ. ನೋಡಿದಾಗ ಊಟದ ಹೊತ್ತ ಆಗಿತ್ತು. ನಂಬದ ಏನ್ ಮಾಡ್ಲಿ?"

ಒಂದು ದಿನ ಸಾವಂತ್ರೆವ್ವ ಹಿತ್ತಲಿನ ಕಟ್ಟಿಗೆ ರಾಶಿಯಿಂದ ಒಂದು ತುಂಡು ಎಳೆದಳು. ಒಳಗಿನಿಂದ ದನಿ ಬಂತು. ನೋಡಿದರೆ ಒಂದು ಬೆಕ್ಕಿನ ಮರಿ. ಮುಷ್ಟಿಯಷ್ಟು ಗಾತ್ರ, ಮೈಯೆಲ್ಲ ಕಪ್ಪು. ಸಂಜೆಯವರೆಗೂ ಕಾದಳು, ಮರುದಿನವೂ ಕಾದಳು, ತಾಯಿ ಬರಲಿಲ್ಲ. ಆಗ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಒಳಗೆ ತಂದು, ಗುರೆಳ್ಳು ಎಂದು ಹೆಸರಿಟ್ಟಳು. ಗುರೆಳ್ಳು ಚಟ್ನಿಯ ಬಣ್ಣವೂ ಅದರ ಮೈಬಣ್ಣವೂ ಒಂದೇ ಆಗಿತ್ತು. ಮಕ್ಕಳಿಲ್ಲದ ಮನೆ. ಅಂದು ಅವಳು ರೊಟ್ಟಿ ಬಡಿಯುತ್ತ ಹಾಡು ಹೇಳಿದಳೆಂದೂ, ಆ ರೊಟ್ಟಿಗಳು ಎಂದಿಗಿಂತ ದುಂಡಗೆ ಬಂದವೆಂದೂ ಓಣಿಯವರು ಹೇಳುತ್ತಾರೆ.

ಮೊದಲ ದಿನ ಅದಕ್ಕೆ ಎಮ್ಮೆಯ ಕೆನೆಹಾಲು ಇಟ್ಟಳು. ಮರಿ ನಾಲ್ಕು ಸಲ ನೆಕ್ಕಿತು. ಹಿಂದೆ ಸರಿಯಿತು. ಆಮೇಲೆ ಮುಂಗಾಲಿನಿಂದ ತಾಟಿನ ಪಕ್ಕದ ನೆಲವನ್ನು ಪರಪರ ಕೆರೆಯಿತು.

ಸಾವಂತ್ರೆವ್ವನ ಮುಖ ಅರಳಿತು. "ನೋಡ್ರೋ, ಇನ್ನೂ ಬೇಕಂತ ನೆಲಾ ಕೆರದು ಕೇಳಾಕತ್ತೈತಿ. ಸಾಕು ಅನ್ನಲಾರದ ಗಿರಾಕಿ ಅಂದ್ರ ಇದೊಂದ," ಎಂದು ಇನ್ನೊಂದು ಸೌಟು ಸುರಿದಳು. ಮರಿ ಮತ್ತೆ ಕುಡಿಯಿತು. ಕುಡಿಯದೆ ಏನು ಮಾಡೀತು? ಹಾಲು ಮುಂದಿದ್ದರೆ ಮರಿ ಕುಡಿಯುತ್ತದೆ. ಮತ್ತೆ ನೆಲ ಕೆರೆಯಿತು. ಮತ್ತೆ ಸುರಿದಳು.

ಮರುದಿನ ಮರಿಯ ಹೊಟ್ಟೆ ಕೆಟ್ಟಿತು. ನೀರು ನೀರಾಗಿ ಹೋಯಿತು.

ಸಾವಂತ್ರೆವ್ವ ಗಾಬರಿಯಾಗಲಿಲ್ಲ. ಹಾಲು ಒಗ್ಗಲಿಲ್ಲ ಎಂದು ಮಜ್ಜಿಗೆ ಅನ್ನ ಕಲಸಿದಳು. ನಿಲ್ಲಲಿಲ್ಲ. ಮೂರನೆಯ ದಿನ ತುಪ್ಪ ಹಚ್ಚಿ ನೆನೆಸಿದ ರೊಟ್ಟಿ. ನಾಲ್ಕನೆಯ ದಿನ ಬೆಣ್ಣೆ. ಐದನೆಯ ದಿನ ಹೆಸರುಬೇಳೆಯ ಪಾಯಸ. ಆರನೆಯ ದಿನ ಖಾರ ಹಾಕದ ಕಡಲೆಹಿಟ್ಟಿನ ಝುಣಕ. ಪ್ರತಿದಿನವೂ ಕೆಟ್ಟಿತು, ಪ್ರತಿದಿನವೂ ಬದಲಿಸಿದಳು. ನೇಮವೇ ಹಾಗಲ್ಲವೇ? ನಿನ್ನೆಯದು ಇಂದು ಇಲ್ಲ. ಪ್ರತಿ ಸಲವೂ ಮರಿ ಸ್ವಲ್ಪ ತಿಂದು ನೆಲ ಕೆರೆಯುತ್ತಿತ್ತು. ಪ್ರತಿ ಸಲವೂ ಅವಳು, "ಹೊಟ್ಟಿ ಕೆಟ್ರೂ ಹಸಿವು ಕೆಟ್ಟಿಲ್ಲ, ಅದ ಪುಣ್ಯೇವು," ಎಂದು ಇನ್ನಷ್ಟು ಹಾಕುತ್ತಿದ್ದಳು.

ಅಷ್ಟರಲ್ಲಿ ಗಿರಾಕಿಗಳೂ ವೈದ್ಯರಾದರು. ಒಬ್ಬ ಅಜವಾನದ ನೀರು ಎಂದ, ಒಬ್ಬ ದಾಳಿಂಬೆ ಸಿಪ್ಪೆ ಎಂದ, ಒಬ್ಬ ಜಾಜಿಕಾಯಿ ತೇಯ್ದು ನೆಕ್ಕಿಸು ಎಂದ. ಎಲ್ಲವನ್ನೂ ಒಂದೊಂದು ಹೊತ್ತು ಮಾಡಿ ನೋಡಿದಳು. ಮರಿಯ ಬಾಲ ಒದ್ದೆಯಾಗಿ ಅಂಟುತ್ತಿತ್ತು. ಅವಳು ದಿನಕ್ಕೆ ಐದು ಸಲ ಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತಗಿನ ಅರಿವೆಯಲ್ಲಿ ಒರೆಸಿ, ಒಲೆಯ ಪಕ್ಕದ ಬುಟ್ಟಿಯಲ್ಲಿ ಮಲಗಿಸುತ್ತಿದ್ದಳು. ಒರೆಸುವಾಗ ಪಕ್ಕೆಲುಬು ಬೆರಳಿಗೆ ಹತ್ತುತ್ತಿದ್ದವು. ಹತ್ತನೆಯ ದಿನಕ್ಕೆ ಅವು ಜಾಸ್ತಿಯಾಗಿವೆ ಎನ್ನಿಸಿತು.

ಶಿದ್ರಾಮ ಉಣ್ಣುತ್ತ ಉಣ್ಣುತ್ತ ಬುಟ್ಟಿಯ ಕಡೆ ನೋಡಿದ. "ಯಕ್ಕಾ, ಮೂವತ್ತೊಂದು ವರ್ಷದ ಹೆಸರನ್ನ ಅಂಗೈಯಷ್ಟು ಬೆಕ್ಕು ಅಳಸ್ತಲ್ಲ."

"ಅದೇನು ಗಿರಾಕಿ ಅಲ್ಲೋ. ಮನಿಮಗಳು ಅದು."

"ಮನಿಮಗಳ ಹೊಟ್ಟೀನ ಹಿಂಗಾದ್ರ, ನಮ್ಮಂಥಾ ಹೊರಗಿನವ್ರ ಗತಿ ಏನು?"

ಉಂಡವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ಸಾವಂತ್ರೆವ್ವ ಅವನ ತಾಟಿಗೆ ಮೂರು ರೊಟ್ಟಿ ಎಸೆದು ಬಾಯಿ ಮುಚ್ಚಿಸುತ್ತಿದ್ದಳು. ಅಂದು ಒಲೆಯ ಕಡೆ ತಿರುಗಿ ನಿಂತಳು.

ಹನ್ನೆರಡನೆಯ ದಿನ ಮುಂಜಾನೆ ಬುಟ್ಟಿಯ ಮುಂದೆ ತಾಟು ಇಟ್ಟಳು. ಮರಿ ಏಳಲಿಲ್ಲ. ತಲೆ ಎತ್ತಿ ತಾಟನ್ನು ನೋಡಿತು, ಅವಳನ್ನು ನೋಡಿತು, ಮತ್ತೆ ತಲೆ ಇಟ್ಟಿತು. ನೆಲವನ್ನೂ ಕೆರೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವಳ ತಾಟಿನ ಮುಂದೆ ಯಾರೂ ಹಾಗೆ ತಲೆ ಇಟ್ಟಿರಲಿಲ್ಲ. ಸಾವಂತ್ರೆವ್ವ ಒಲೆಯ ಬೆಂಕಿ ಆರಿಸಿದಳು, ಖಾನಾವಳಿಯ ಬಾಗಿಲು ಹಾಕಿದಳು, ರೊಟ್ಟಿಯ ಬುಟ್ಟಿಯಲ್ಲಿ ಮರಿಯನ್ನು ಮಲಗಿಸಿಕೊಂಡು ದನದ ಆಸ್ಪತ್ರೆಗೆ ನಡೆದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ ಎಂಬುದು ಅರ್ಧ ದಾರಿಯಲ್ಲಿ ಗೊತ್ತಾಯಿತು. ಅಂದು ಬಾಗಿಲು ಹಾಕಿದ್ದು ಕಂಡು ಎರಡು ಬಸ್ಸು ಹೊರಡಲೇ ಇಲ್ಲ.

ದನದ ಡಾಕ್ಟರು ಒಬ್ಬ ಹೆಣ್ಣುಮಗಳು. ಎಮ್ಮೆಯೊಂದರ ಬಾಯಿಗೆ ಕೈ ಹಾಕಿ ನಿಂತಿದ್ದವರು, ಬುಟ್ಟಿ ನೋಡಿ ಕೈ ತೊಳೆದು ಬಂದರು. ಮರಿಯ ಕತ್ತಿನ ಹಿಂದಿನ ತೊಗಲನ್ನು ಮೆಲ್ಲಗೆ ಎತ್ತಿ ಬಿಟ್ಟರು. ತೊಗಲು ಕೂಡಲೇ ಕೂಡಿಕೊಳ್ಳಲಿಲ್ಲ, ಗುಡಾರದಂತೆ ನಿಂತಿತು.

"ಮೈಯಾಗಿನ ನೀರು ಹೋಗೇತಿ," ಎಂದರು. ತೊಗಲಿನ ಕೆಳಗೆ ಸೂಜಿಯಿಂದ ಸಲೈನ್ ಹಾಕುತ್ತ ಕೇಳಿದರು, "ನಿನ್ನೆ ಏನು ತಿಂದೈತಿ?"

ಸಾವಂತ್ರೆವ್ವ ಹೇಳಿದಳು.

"ಮೊನ್ನೆ?"

ಹೇಳಿದಳು. ಅದಕ್ಕೂ ಹಿಂದಿನದನ್ನು ಕೇಳದೆಯೇ ಹೇಳಿದಳು. ಗಿರಾಕಿಗಳಿಗೆ ಪಲ್ಯಗಳ ಹೆಸರು ಹೇಳುವ ರೂಢಿ, ನಾಲಿಗೆ ತಾನಾಗಿಯೇ ಓಡಿತು. ಡಾಕ್ಟರು ಬರೆದುಕೊಳ್ಳುತ್ತಿದ್ದವರು ಹಾಳೆ ತಿರುವಿದರು.

"ಅವ್ವಾರ, ಇದು ಬೆಕ್ಕಿನ ಮರಿಯೋ ಮದುವಿ ದಿಬ್ಬಣೋ? ಇಷ್ಟು ಉಂಡಿದ್ರ ನನ್ನ ಆ ಎಮ್ಮಿನೂ ಮಲಗ್ತಿತ್ತು."

ಮರಿಯ ಮಲವನ್ನು ಗಾಜಿನ ಮೇಲೆ ಇಟ್ಟು ಯಂತ್ರದಲ್ಲಿ ನೋಡಿದರು. ಜಂತುಹುಳದ ಮೊಟ್ಟೆಗಳಿದ್ದವು. ತೂಕ ಮಾಡಿ, ಅದಕ್ಕೆ ತಕ್ಕಷ್ಟು ಔಷಧವನ್ನು ಹನಿ ಲೆಕ್ಕದಲ್ಲಿ ಬಾಯಿಗೆ ಬಿಟ್ಟರು.

"ಅರ್ಧ ತಪ್ಪು ಹುಳದ್ದು," ಎಂದರು. "ಉಳಿದರ್ಧ ನಿಮ್ಮ ಸೌಟಿಂದು. ಹಾಲು ಪೂರಾ ಬಂದ್. ದಿನಾ ಬ್ಯಾರೆ ಬ್ಯಾರೆ ಕೊಟ್ರ ಸಣ್ಣ ಹೊಟ್ಟಿ ಯಾವುದಕ್ಕಂತ ಒಗ್ಗೀತು? ಇನ್ನ ಹತ್ತು ದಿನ ಒಂದ ಊಟ. ಕೋಳಿ ಬೇಯಿಸಿ, ಎಲುಬು ತಗದು, ಮೆತ್ತಗ ಮಾಡಿ ಕೊಡ್ರಿ. ಉಪ್ಪು, ಎಣ್ಣಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಏನೂ ಬ್ಯಾಡ. ಹೊತ್ತಿಗೆ ಒಂದು ಚಮಚ, ದಿನಕ್ಕ ಆರು ಹೊತ್ತು. ಪಕ್ಕದಾಗ ಯಾವಾಗ್ಲೂ ನೀರಿರ್ಲಿ. ರಕ್ತ ಕಂಡ್ರ, ಕಾರಿಕೊಂಡ್ರ, ಉಣ್ಣದಿದ್ರ, ದಾರಿ ನೋಡಬ್ಯಾಡ್ರಿ, ಎತ್ಕೊಂಡು ಬರ್ರಿ. ಇಷ್ಟು ಸಣ್ಣ ಮರಿಗೆ ದಿನಾ ಕಾಯಾಕ ಬರೂದಿಲ್ಲ. ಇನ್ನೆರಡು ದಿನ ತಡಾ ಆಗಿದ್ರ ನನ್ನ ಕೈಯಾಗ ಏನೂ ಇರ್ತಿರ್ಲಿಲ್ಲ."

ಸಾವಂತ್ರೆವ್ವ ಎಲ್ಲಕ್ಕೂ ತಲೆದೂಗಿದಳು. ಕೋಳಿಯ ಮಾತಿಗೆ ಮಾತ್ರ ನಿಂತಳು. ಅವಳ ಅಡುಗೆಮನೆಗೆ ತತ್ತಿಯ ಸಿಪ್ಪೆಯೂ ಬಂದಿರಲಿಲ್ಲ.

"ಶೇಂಗಾ ನಡಿಯೂದಿಲ್ಲೇನ್ರಿ, ಬಾಯಾರ?"

"ಬೆಕ್ಕಿಗೆ ಯಾರು ದೀಕ್ಷಾ ಕೊಟ್ಟಾರ್ರಿ?"

ಖಾನಾವಳಿಯ ಎದುರು ಮನೆ ಗಾದಿ ಹೊಲಿಯುವ ಖಾಸೀಂಬಿಯದು. ಸಾವಂತ್ರೆವ್ವ ಬುಟ್ಟಿ ಹಿಡಿದು ಅವಳ ಹೊಸ್ತಿಲಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಖಾಸೀಂಬಿ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಬಿಟ್ಟು ಹೋಗು ಯಕ್ಕಾ, ನಾ ಬೇಯಿಸಿ ಹಾಕ್ತೀನಿ. ದಿನಾ ಬಾ, ಬೇಕಾದಷ್ಟು ಸಲ ಬಾ. ಆದ್ರ ಬರೂ ಮುಂದ ಕೈ ಮನ್ಯಾಗ ಇಟ್ಟು ಬಾ."

"ಮನಿಮಗಳು ಇನ್ನೊಬ್ಬರ ಕೈಯಾಗ ಉಣ್ಣೂದು ನೋಡೂದು ಬಂತಲ್ಲ ನನಗ."

"ಮಗಳಂದ್ರ ಅಷ್ಟ ಅಲ್ಲೇನು? ಯಾರರೆ ಇನ್ನೊಬ್ರ ಮನ್ಯಾಗ ಉಣ್ಣಾಕೀನ."

ಖಾಸೀಂಬಿ ಬೇಯಿಸಿದಳು, ಆರಿಸಿದಳು, ಒಂದು ಚಮಚ ಇಟ್ಟಳು. ಮೊದಲ ದಿನ ಮರಿ ಮೂಸಿ, ಅರ್ಧ ತಿಂದಿತು. ಎರಡನೆಯ ದಿನ ಡಾಕ್ಟರು ನೋಡಿ ಮತ್ತೊಮ್ಮೆ ಸಲೈನ್ ಹಾಕಿದರು. ಮರಿ ಎದ್ದು ತಾನೇ ನೀರಿನ ಬಟ್ಟಲಿಗೆ ನಡೆಯಿತು. ಮೂರನೆಯ ದಿನ ಚಮಚ ಪೂರ್ತಿ ತಿಂದು, ಒಂದು ಸಲ ನೆಲ ಕೆರೆಯಿತು. ಖಾಸೀಂಬಿ ತಾಟು ಎತ್ತಿದಳು.

"ಇನ್ನೂ ಬೇಕಂತೈತಲ್ಲ," ಎಂದಳು ಸಾವಂತ್ರೆವ್ವ.

"ಡಾಕ್ಟರ್ ಬಾಯಿ ಒಂದು ಚಮಚ ಅಂದಾರ."

ನಾಲ್ಕನೆಯ ದಿನ ಮಲ ಗಟ್ಟಿಯಾಗತೊಡಗಿತು. ಮರಿ ಅರಳೆಯ ರಾಶಿಯ ಮೇಲೆ ಹಾರಿ, ತನ್ನದೇ ಬಾಲಕ್ಕೆ ಹೆದರಿ, ಮತ್ತೆ ಹಾರಿತು. ಸಾವಂತ್ರೆವ್ವನ ಸಂತೋಷ ಕೈಗಳಿಗೆ ಇಳಿಯಿತು. ಖಾಸೀಂಬಿ ದಾರದ ಉಂಡೆ ತರಲು ಒಳಗೆ ಹೋದಾಗ, ಅವಳು ಸೆರಗಿನ ಗಂಟು ಬಿಚ್ಚಿದಳು. ಅಲ್ಲಿ ಹುಣಸೆಬೀಜದಷ್ಟು ಬೆಣ್ಣೆ ಇತ್ತು. ಮರಿ ನೆಕ್ಕಿತು. ನೆಲ ಕೆರೆಯಿತು. ಗಂಟಿನಲ್ಲಿ ಇನ್ನೊಂದು ಹುಣಸೆಬೀಜದಷ್ಟು ಇತ್ತು. ಅದನ್ನೂ ಕೊಟ್ಟಳು.

ಮರುದಿನ ಬೆಳಿಗ್ಗೆ ಮತ್ತೆ ನೀರು ನೀರು. ಅದೂ ಯಾರದೋ ಮದುವೆಗೆ ಹೊಲಿದಿಟ್ಟ ಹೊಸ ಗಾದಿಯ ಮೇಲೆ.

ಖಾಸೀಂಬಿ ಬೈಯಲಿಲ್ಲ. ಗಾದಿಯ ಹೊದಿಕೆ ಬಿಚ್ಚಿ ನೀರಿನಲ್ಲಿ ಹಾಕುತ್ತ ಕೇಳಿದಳು. "ಏನರೆ ಕೊಟ್ಟಿದ್ದೇನು?"

"ಹುಣಸಿಬೀಜದಷ್ಟು," ಎಂದಳು ಸಾವಂತ್ರೆವ್ವ, ಮೆಲ್ಲಗೆ.

"ಹುಣಸಿಬೀಜ ನಿನಗ, ಯಕ್ಕಾ. ಅದರ ಹೊಟ್ಟಿ ಎಷ್ಟೈತಿ ನೋಡು." ಖಾಸೀಂಬಿ ಹೆಬ್ಬೆರಳು ತೋರಿಸಿದಳು. "ಅದಕ್ಕದು ಒಂದು ಕುಂಬಳಕಾಯಿ."

ಹತ್ತು ದಿನದ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಅಂದು ಮಧ್ಯಾಹ್ನ ಸಾವಂತ್ರೆವ್ವ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತು ನೋಡಿದಳು. ಬಡಿಸುವವಳಿಗೆ ಉಣ್ಣುವವರನ್ನು ನೋಡಲು ಪುರುಸೊತ್ತು ಇರುವುದಿಲ್ಲ, ಅವಳ ಕಣ್ಣು ತಾಟಿನ ಖಾಲಿ ಜಾಗದ ಮೇಲೆ ಇರುತ್ತದೆ. ಕೈ ಖಾಲಿ ಇದ್ದದ್ದರಿಂದ ಅಂದು ಅವಳು ಮರಿಯನ್ನು ನೋಡಿದಳು. ಮರಿ ತಿಂದಿತು. ಹಿಂದೆ ಸರಿಯಿತು. ಬಲಗಾಲಿನಿಂದ ಒಮ್ಮೆ, ಎಡಗಾಲಿನಿಂದ ಒಮ್ಮೆ, ಎಲ್ಲಿಂದಲೋ ಮಣ್ಣು ಎಳೆದು ತಾಟಿನ ಮೇಲೆ ಹಾಕುವಂತೆ ನೆಲವನ್ನು ಕೆರೆಯಿತು.

"ಅದು ಏನು ಮಾಡಾಕತ್ತೈತಿ?" ಎಂದು ಕೇಳಿದಳು. ಮೂವತ್ತೊಂದು ವರ್ಷದಲ್ಲಿ ಉಣ್ಣುವವರ ಬಗ್ಗೆ ಅವಳು ಇನ್ನೊಬ್ಬರನ್ನು ಕೇಳಿದ ಮೊದಲ ಮಾತು ಅದು.

"ಮುಚ್ಚಾಕತ್ತೈತಿ," ಎಂದಳು ಖಾಸೀಂಬಿ. "ನನ್ನ ತವರಮನ್ಯಾಗ ಏಳು ಬೆಕ್ಕು ಇದ್ದುವು. ಹೊಟ್ಟಿ ತುಂಬಿದ ಮ್ಯಾಲೆ ಉಳದದ್ದನ್ನ ಮಣ್ಣಾಗ ಮುಚ್ಚಿಡತಾವು. ಇಲ್ಲಿ ಮಣ್ಣಿಲ್ಲ, ಅದಕ್ಕ ಬರೇ ನೆಲಾ ಕೆರೀತೈತಿ. ನನಗ ಸಾಕವ್ವಾ, ತಗಿ ಅಂತೈತಿ."

ಸಾವಂತ್ರೆವ್ವ ತಾಟನ್ನು ನೋಡಿದಳು. ಕೆನೆಹಾಲು ನೆನಪಾಯಿತು. ಬೆಣ್ಣೆ, ಪಾಯಸ, ನೆನೆಸಿದ ರೊಟ್ಟಿ, ನಿನ್ನೆಯ ಸೆರಗಿನ ಗಂಟು, ಎಲ್ಲವೂ ಸಾಲಾಗಿ ನೆನಪಾದವು. ಮೊದಲನೆಯ ದಿನದಿಂದ ಆ ಮರಿ ತಾಟಿನ ಮೇಲೆ ಕೈ ಅಡ್ಡ ಹಿಡಿದೇ ಇತ್ತು. ಅವಳು ಬೆರಳುಗಳ ಸಂದಿಯಿಂದ ಬಡಿಸಿದ್ದಳು.

ಮುಂದಿನ ಹತ್ತು ದಿನ ಅವಳು ದಿನಕ್ಕೆ ಆರು ಸಲ ಬಂದಳು, ಆರು ಸಲವೂ ಬರಿಗೈಯಲ್ಲಿ ಬಂದಳು. ಆ ಕೈಗಳು ತೊಡೆಯ ಕೆಳಗೆ ಎಷ್ಟು ಚಡಪಡಿಸಿದವು ಎಂದರೆ, ಅವಳು ಕುಳಿತ ಜಾಗದ ಕಲ್ಲು ಇಂದಿಗೂ ಎರಡು ಬೆರಳು ತಗ್ಗಾಗಿದೆ. "ನಾ ಅಳದು ನೋಡಿದಾಗ ಮೂರು ಬೆರಳಿತ್ತು, ಕಡಿಮಿ ಹೇಳಾಕತ್ತೀನಿ," ಎಂದರು ಅಜ್ಜಾರು.

ಹತ್ತನೆಯ ದಿನ ಖಾಸೀಂಬಿ ಬಾಗಿಲಲ್ಲಿ ನಿಂತು ಕರೆದಳು. ಬೂದಿ ತುಂಬಿದ ಹಳೆಯ ತಗಡಿನ ತಟ್ಟೆಯಲ್ಲಿ, ಖರ್ಜೂರದ ಬೀಜದಷ್ಟು, ಅಚ್ಚಿನಿಂದ ತೆಗೆದಂತೆ, ಒಂದಲ್ಲ, ಎರಡು ಗಟ್ಟಿ ಹಿಕ್ಕೆ. ಸಾವಂತ್ರೆವ್ವ ಬಗ್ಗಿ ನೋಡಿದಳು. ಮತ್ತೊಮ್ಮೆ ಬಗ್ಗಿ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ರೊಟ್ಟಿ ಮುರಿಯುತ್ತಿದ್ದ ಶಿದ್ರಾಮನನ್ನು ಎಬ್ಬಿಸಿಕೊಂಡು ಬಂದು ತೋರಿಸಿದಳು. ಉಣ್ಣುವವನನ್ನು ಎಂಜಲಗೈಯಲ್ಲಿ ಎಬ್ಬಿಸಿದ್ದು ಆ ಖಾನಾವಳಿಯ ಇತಿಹಾಸದಲ್ಲಿ ಅದೊಂದೇ ಸಲ. ಶಿದ್ರಾಮ ನೋಡಿ, "ಯಕ್ಕಾ, ಊಟದ ನಡುವ ತೋರಿಸೂದ ಇದು?" ಎಂದ. ಆದರೂ ಸ್ವಲ್ಪ ಹೊತ್ತು ನಿಂತು ನೋಡಿದ.

ಡಾಕ್ಟರು ಹೇಳಿದಂತೆ, ಆಮೇಲಿನ ಊಟವನ್ನು ಹಳೆಯದರ ಜೊತೆ ಚಿಟಿಕೆ ಚಿಟಿಕೆಯಾಗಿ ಬೆರೆಸಿ ರೂಢಿ ಮಾಡಿಸಿದರು. ಹುಳದ ಔಷಧವನ್ನು ಹೇಳಿದ ದಿನ ಮತ್ತೆ ಹಾಕಿಸಿದರು. ಗುರೆಳ್ಳು ದುಂಡಗಾಯಿತು. ಅದು ಖಾಸೀಂಬಿಯ ಮನೆಯಲ್ಲಿ ಉಂಡು, ಓಣಿ ದಾಟಿ ಬಂದು, ಸಾವಂತ್ರೆವ್ವನ ಒಲೆಯ ಪಕ್ಕ ಮಲಗುತ್ತಿತ್ತು. ಉಣ್ಣುವ ಮನೆ ಒಂದು, ಮಲಗುವ ಮನೆ ಒಂದು. ಸಾವಂತ್ರೆವ್ವನಿಗೆ ಅದರಲ್ಲಿ ಕೊರತೆ ಕಾಣಲಿಲ್ಲ.

ಒಂದು ದಿನ ಶಿದ್ರಾಮ ಐದು ರೊಟ್ಟಿ ಉಂಡು, ರೂಢಿಯಂತೆ ತಾಟಿನ ಮೇಲೆ ಕೈ ಅಡ್ಡ ಹಿಡಿದು, ರೂಢಿಯಂತೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಸಾವಂತ್ರೆವ್ವ ಆ ಕೈಯನ್ನು ನೋಡಿದಳು. ನಿಂತಳು. ಸೌಟನ್ನು ಹಿಂದಕ್ಕೆ ಎಳೆದುಕೊಂಡಳು.

ಶಿದ್ರಾಮ ತಲೆ ಎತ್ತಿದ. "ಯಕ್ಕಾ, ಮೈಯಾಗ ಆರಾಮ ಇಲ್ಲೇನು?"

"ಆರಾಮ ಐತಿ. ಸಾಕು ಅಂದಿಯಲ್ಲ."

ಶಿದ್ರಾಮ ಕೈ ತೆಗೆಯಲೋ ಬಿಡಲೋ ಎಂದು ಕುಳಿತ. ಪಕ್ಕದವರೂ ಉಣ್ಣುವುದು ನಿಲ್ಲಿಸಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅವನು ತಾನಾಗಿಯೇ ಕೈ ಸರಿಸಿ, ತಾಟನ್ನು ಅವಳ ಕಡೆ ಅರ್ಧ ಗೇಣು ನೂಕಿದ.

"ಇನ್ನರ್ಧ ರೊಟ್ಟಿ ಹಾಕು," ಎಂದ.

ಮೂವತ್ತೊಂದು ವರ್ಷದಲ್ಲಿ ಆ ಖಾನಾವಳಿಯಲ್ಲಿ ಒಬ್ಬ ಗಿರಾಕಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಅಜ್ಜಾರು ಕತೆ ನಿಲ್ಲಿಸಿದರು. ಹೊರಗೆ ರಾಟೆ ಇನ್ನೂ ಕಿರ್ರೆನ್ನುತ್ತಿತ್ತು. ನಡುವೆ ಒಮ್ಮೆ ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿ, ಹತ್ತಿರ ಬಂದು, ದೂರ ಹೋಗಿತ್ತು. ಕತೆಯ ಭರದಲ್ಲಿ ಗುರುಪಾದ ಅದನ್ನು ಗಮನಿಸಿರಲಿಲ್ಲ. ಈಗ ಕಿಟಕಿಗೆ ಬಂದು ನೋಡಿದ. ದನದ ದೋಣಿ ತುಂಬಿ ಹೊರಗೆ ಹರಿಯುತ್ತಿತ್ತು. ಭೀಮಶಿ ಆ ನೀರಿಗೆ ಕಾಲಿನಿಂದ ದಾರಿ ಮಾಡಿ ಬಾಳೆಗಿಡಗಳ ಬುಡಕ್ಕೆ ತಿರುಗಿಸಿದ್ದ. ಚೀಲ ಬಾವಿಕಟ್ಟೆಯ ಮೇಲಿತ್ತು. ಅವನು ಹಗ್ಗವನ್ನು ಎರಡೂ ಕೈಯಿಂದ ಎಳೆಯುತ್ತಿದ್ದ. ಕೈ ನಡುಗುತ್ತಿತ್ತೋ ಇಲ್ಲವೋ, ಅಷ್ಟು ದೂರದಿಂದ ಕಾಣಲಿಲ್ಲ. ಕೊಡ ಮಾತ್ರ ತುಳುಕದೆ ಮೇಲೆ ಬಂತು.

"ಬಸ್ಸು ಹೋತ್ರಿ, ಅಜ್ಜಾರ. ಅಂವ ಹೋಗಿಲ್ಲ," ಎಂದ ಗುರುಪಾದ. ಅವನ ಮುಖ ಬೆಳಗಿತ್ತು. "ಕತಿ ತಿಳೀತ್ರಿ ನನಗ. ಖರೇನ ತಿಳೀತು. ಈಗ ಅವನ ಮನಸು ತಿಳಿ ಆಗೇತಿ ನೋಡ್ರಿ. ಇದ ಹೊತ್ತಿಗೆ ಹೋಗಿ ಅವನ ಹತ್ರ ಕುಂತು..."

ಎನ್ನುತ್ತಲೇ ಅವನು ಗೂಡಿನಲ್ಲಿದ್ದ ವಚನದ ಪುಸ್ತಕವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹೊಸ್ತಿಲು ದಾಟಲು ಕಾಲೆತ್ತಿದ.

"ಸೌಟು ಇಲ್ಲೇ ಇಟ್ಟು ಹೋಗು, ತಮ್ಮಾ," ಎಂದರು ಅಜ್ಜಾರು.